ಹಳೇ ಹೀಟ್ ಪಂಪ್ ಕೈಕೊಡುವ ಮುನ್ನ: ಪುಣೆಯ ಮನೆಗೆ ಮುಂದೆ ಯಾವುದು ಸರಿ?

ಪುಣೆಯಲ್ಲಿ ಬಿಸಿನೀರಿನ ಮಷೀನು ಕೆಟ್ಟಿದೆ ಅಂತ ಗೊತ್ತಾಗುವುದು ಚಳಿ ಶುರುವಾದ ಮೇಲೆ. ಬೇಸಿಗೆಯಲ್ಲಿ ಅದಕ್ಕೆ ಕೆಲಸವೇ ಇರುವುದಿಲ್ಲ. ಏಪ್ರಿಲ್‌ನಲ್ಲಿ ತಾರಸಿ ಟ್ಯಾಂಕಿನ ನೀರೇ ಬೆಚ್ಚಗೆ ಬರುತ್ತದೆ. ಆಮೇಲೆ ದೀಪಾವಳಿ ಬರುತ್ತದೆ. ನೀರು ತುಂಬುವ ಹಬ್ಬಕ್ಕೆ ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ನಾಲ್ಕು ಜನ ಬಂದಿರುತ್ತಾರೆ, ಮಾರನೇ ಬೆಳಿಗ್ಗೆ ಎಲ್ಲರಿಗೂ ಎಣ್ಣೆಸ್ನಾನ ಆಗಬೇಕು. ಮಷೀನಿನ ಮೇಲೆ ಒಮ್ಮೆಲೇ ಭಾರ ಬೀಳುವುದು ಆಗಲೇ. ಆಗ ಕೆಟ್ಟರೆ ಮೆಕ್ಯಾನಿಕ್ ಸಿಗುವುದಿಲ್ಲ. ಅಂಗಡಿಯಲ್ಲಿ ಯಾವುದು ಸ್ಟಾಕ್ ಇದೆಯೋ ಅದನ್ನೇ ತಂದು ಹಾಕಿಸಬೇಕು. ಅವಸರದಲ್ಲಿ ತಂದದ್ದಕ್ಕೆ ಮುಂದಿನ ಹತ್ತು ವರ್ಷ ಕರೆಂಟ್ ಬಿಲ್ ಕಟ್ಟಬೇಕು.

ಅದಕ್ಕೇ ಹೇಳುವುದು, ನಿಮ್ಮ ಹೀಟ್ ಪಂಪ್‌ಗೆ, ಅಂದರೆ ಹೊರಗಿನ ಗಾಳಿಯ ಶಾಖ ಎಳೆದು ನೀರು ಕಾಯಿಸುವ ಆ ಮಷೀನಿಗೆ, ಹತ್ತು ವರ್ಷ ದಾಟಿದ್ದರೆ ಅದು ಇನ್ನೂ ನಡೆಯುತ್ತಿರುವಾಗಲೇ ಮುಂದಿನದನ್ನು ತೀರ್ಮಾನಿಸಿ. ಕೊಥ್ರೂಡ್, ಬಾಣೇರ್, ವಾನವಡಿ ಕಡೆಯ ರೋ ಹೌಸು, ಬಂಗಲೆ, ಟೆರೇಸ್ ಫ್ಲ್ಯಾಟ್‌ಗಳಲ್ಲಿ ಇರುವವರನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೀಟ್ ಪಂಪ್ ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ ಬಾಳುತ್ತದೆ. ನೀರು ಗಡಸಾಗಿದ್ದರೆ ಅದಕ್ಕೂ ಮೊದಲೇ ಟ್ಯಾಂಕು ಸೋರಲು ಶುರು.

ಮಷೀನು ಜೀವಂತ ಇದೆಯಾ, ಮೊದಲು ನೋಡಿ

ಇಲ್ಲೊಂದು ಮೋಸ ಇದೆ. ಬಹಳಷ್ಟು ಹೀಟ್ ಪಂಪ್‌ಗಳ ಟ್ಯಾಂಕಿನೊಳಗೆ ಗೀಸರ್‌ನಲ್ಲಿ ಇರುವಂಥದೇ, ಕರೆಂಟಿನಿಂದ ನೇರ ಕಾಯುವ ಒಂದು ಎಲಿಮೆಂಟ್ ಇರುತ್ತದೆ, ಬ್ಯಾಕಪ್ ಅಂತ. ಶಾಖ ಹೊರುವ ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ಸುಸ್ತಾದರೆ, ಆ ಗ್ಯಾಸ್ ಸೋರಿಹೋದರೆ, ಎಲಿಮೆಂಟ್ ಸುಮ್ನೆ ಆ ಕೆಲಸ ವಹಿಸಿಕೊಳ್ಳುತ್ತದೆ. ನಲ್ಲಿಯಲ್ಲಿ ಬಿಸಿನೀರು ಬರುತ್ತಲೇ ಇರುತ್ತದೆ. ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಬಿಲ್ ಮಾತ್ರ ಏರುತ್ತದೆ.

ಕೊಥ್ರೂಡ್‌ನಲ್ಲಿ ನಮಗೆ ಪರಿಚಯದ ಧಾರವಾಡದ ಕಾಕು ಒಬ್ಬರಿದ್ದಾರೆ. ಬಿಲ್ ಯಾಕೋ ಜಾಸ್ತಿ ಬರ್ತಿದೆ ಅಂತ ಅವರ ಮಗ ಕರೆದಿದ್ದ. ಕಾಕು ಒಪ್ಪಲೇ ಇಲ್ಲ. ‘ನೀರು ಚೊಲೋ ಕಾಯ್ತಾವ, ಮತ್ತ ಮಷೀನಿಗೆ ಏನಾಗೇದ?’ ಎಂದರು. ತಾರಸಿಗೆ ಹೋಗಿ ಫ್ಯಾನಿನ ಮುಂದೆ ಕೈ ಹಿಡಿದೆ. ಗಾಳಿ ಬರುತ್ತಿತ್ತು, ಆದರೆ ಹೊರಗಿನ ಗಾಳಿ ಎಷ್ಟಿತ್ತೋ ಅಷ್ಟೇ. ಸರಿಯಾಗಿ ನಡೆಯುವ ಹೀಟ್ ಪಂಪ್‌ನ ಫ್ಯಾನಿನಿಂದ ಬರುವ ಗಾಳಿ ಸ್ಪಷ್ಟವಾಗಿ ತಣ್ಣಗಿರಬೇಕು. ಗಾಳಿಯ ಶಾಖವನ್ನು ಎಳೆದು ನೀರಿಗೆ ಹಾಕುವುದೇ ಅದರ ಕೆಲಸ ಅಲ್ವಾ? ಕೆಳಗಿನ ಪೈಪಿನಿಂದ ನೀರೂ ತೊಟ್ಟಿಕ್ಕಬೇಕು, ಮಳೆಗಾಲದಲ್ಲಂತೂ ಚೆನ್ನಾಗಿಯೇ. ಆ ಪೈಪು ಒಣಗಿ ಧೂಳು ಕೂತಿತ್ತು. ಕಂಪ್ರೆಸರ್ ನಿಂತು ಎಷ್ಟು ತಿಂಗಳಾಗಿತ್ತೋ, ಅಷ್ಟೂ ದಿನ ಆ ಮನೆ ದೊಡ್ಡದೊಂದು ಗೀಸರ್‌ಗೆ ದುಡ್ಡು ಕಟ್ಟುತ್ತಿತ್ತು.

ಕೈಯಿಂದ ಗೊತ್ತಾಗದಿದ್ದರೆ ಲೆಕ್ಕ ಹಾಕಿ. ನೀರಿನ ಲೀಟರನ್ನು, ಎಷ್ಟು ಡಿಗ್ರಿ ಏರಿಸಬೇಕೋ ಅದರಿಂದ ಗುಣಿಸಿ, 860ರಿಂದ ಭಾಗಿಸಿ. ಬೇಕಾದ ಶಾಖ ಯೂನಿಟ್‌ನಲ್ಲಿ ಬರುತ್ತದೆ. 200 ಲೀಟರನ್ನು 20 ಡಿಗ್ರಿಯಿಂದ 50ಕ್ಕೆ ಕಾಯಿಸಲು ಸುಮಾರು 7 ಯೂನಿಟ್. ಈಗ ಮನೆಯ ಉಳಿದೆಲ್ಲ ಆಫ್ ಮಾಡಿ, ಮಷೀನು ಪೂರ್ತಿ ಕಾಯಿಸುವವರೆಗೆ ಮೀಟರ್ ಎಷ್ಟು ಓಡಿತು ನೋಡಿ. ಎರಡೂವರೆ ಯೂನಿಟ್ ಓಡಿದ್ದರೆ ಮಷೀನು ಆರೋಗ್ಯವಾಗಿದೆ. ನಾಲ್ಕೂವರೆ ಓಡಿದ್ದರೆ ಏನೋ ತೊಂದರೆ ಇದೆ: ಗ್ಯಾಸ್ ಕಮ್ಮಿ ಆಗಿರಬಹುದು, ಗಾಳಿ ಹಾಯುವ ತೆಳು ಲೋಹದ ಪಟ್ಟಿಗಳಲ್ಲಿ, ಅಂದರೆ ಫಿನ್‌ಗಳಲ್ಲಿ, ಧೂಳು ತುಂಬಿರಬಹುದು, ಎಲಿಮೆಂಟ್ ನಡುನಡುವೆ ಆನ್ ಆಗುತ್ತಿರಬಹುದು. ಏಳರ ಹತ್ತಿರ ಹೋದರೆ ಹೀಟ್ ಪಂಪ್ ಸತ್ತಿದೆ ಅಂತಲೇ ಅರ್ಥ.

ಧೂಳಿನ ವಿಷಯ ಸಣ್ಣದು ಅಂದುಕೊಳ್ಳಬೇಡಿ. ಪುಣೆಯಲ್ಲಿ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿದೆ, ರಸ್ತೆ ಅಗೆಯುತ್ತಿದ್ದಾರೆ. ಜೊತೆಗೆ ಪಾರಿವಾಳ. ಮಷೀನಿನ ಹಿಂದೆ ಗೂಡು ಕಟ್ಟಿದರೆ ಗಾಳಿ ಆಡುವುದಿಲ್ಲ. ಗೂಡು ತೆಗೆದು, ಫಿನ್‌ಗಳನ್ನು ಮೆತ್ತಗೆ ನೀರು ಬಿಟ್ಟು ತೊಳೆದು, ಆಮೇಲೆ ಮತ್ತೊಮ್ಮೆ ಅಳತೆ ಮಾಡಿ. ಎಷ್ಟೋ ಮಷೀನು ಅಷ್ಟರಲ್ಲೇ ಸುಧಾರಿಸುತ್ತವೆ.

ರಿಪೇರಿ ಎಲ್ಲಿಯವರೆಗೆ?

ಕೆಪಾಸಿಟರ್, ಫ್ಯಾನ್ ಮೋಟಾರ್, ಸೆನ್ಸರ್, ಎಲಿಮೆಂಟ್, ಪ್ರೆಷರ್ ವಾಲ್ವ್ ಹೋದರೆ ಕಣ್ಣು ಮುಚ್ಚಿಕೊಂಡು ರಿಪೇರಿ ಮಾಡಿಸಿ. ಟ್ಯಾಂಕಿನೊಳಗಿನ ಲೋಹದ ಕಡ್ಡಿ, ಆನೋಡ್ ರಾಡ್ ಅಂತೂ ಕೆಡುವುದಕ್ಕೇ ಇರುವುದು. ಅದು ತಾನು ಸವೆದು ಟ್ಯಾಂಕಿನ ಕಬ್ಬಿಣವನ್ನು ಉಳಿಸುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಸಣಕಲಾಗಿದ್ದರೆ ಬದಲಿಸಬೇಕು. ಹತ್ತು ವರ್ಷ ಯಾರೂ ಮುಟ್ಟದ ಆನೋಡ್ ಇರುವ ಟ್ಯಾಂಕಿನ ಮೇಲೆ ಇನ್ನು ದುಡ್ಡು ಸುರಿಯಬೇಡಿ, ಒಳಗೆ ತುಕ್ಕು ಆಗಲೇ ಶುರುವಾಗಿರುತ್ತದೆ. ಬೆಳಿಗ್ಗೆ ಮೊದಲ ಬಕೆಟ್ಟಿನಲ್ಲಿ ಕೆಂಪು ಬಣ್ಣ ಕಂಡರೆ ಅದೇ ಸೂಚನೆ.

ಟ್ಯಾಂಕು ಸೋರಿದರೆ ರಿಪೇರಿ ಇಲ್ಲ. ಕಂಪ್ರೆಸರ್ ಹೋದರೆ, ಮಷೀನಿಗೆ ಎಂಟು ವರ್ಷ ದಾಟಿದ್ದರೆ, ಹೊಸ ಕಂಪ್ರೆಸರ್ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ. ದೊಡ್ಡ ಮೊತ್ತ ಕೊಟ್ಟು ಹಳೇ ಟ್ಯಾಂಕಿಗೆ ಹೊಸ ಹೃದಯ ಕೂರಿಸಿದ ಹಾಗೆ.

ಗ್ಯಾಸ್ ವಿಷಯದಲ್ಲಿ ಹುಷಾರು. ಮೆಕ್ಯಾನಿಕ್ ಬಂದ ತಕ್ಷಣ ಹೇಳುವ ಮಾತು ಒಂದೇ: ‘ಗ್ಯಾಸ್ ಕಮಿ ಆಹೆ ಸಾಹೇಬ್, ಭರಾವಾ ಲಾಗೇಲ್.’ ಗ್ಯಾಸ್ ಕಮ್ಮಿ ಇದೆ, ತುಂಬಿಸಬೇಕು ಅಂತ. ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಕಮ್ಮಿ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ತುಂಬಿಸಿದರೆ ಮತ್ತೆ ಖಾಲಿಯಾಗುತ್ತದೆ. ಹೊರಗಿನ ಜಾಯಿಂಟಿನಲ್ಲಿ ಸೋರಿದರೆ ಬೆಸುಗೆ ಹಾಕಬಹುದು. ಟ್ಯಾಂಕಿಗೆ ಸುತ್ತಿದ ಕಾಯಿಲ್‌ನಲ್ಲಿ, ಫೋಮ್ ಒಳಗೆ ಸೋರಿದರೆ ಆಸೆ ಬಿಡಿ. ಲೇಬಲ್ ಮೇಲೆ ಆರ್-22 ಅಂತ ಇದ್ದರೆ ಯೋಚನೆಯೇ ಬೇಡ, ಬದಲಿಸಿ. ಓಝೋನ್ ಪದರಕ್ಕೆ ಹಾನಿ ಮಾಡುವ ಈ ಗ್ಯಾಸನ್ನು 2030ರ ಹೊತ್ತಿಗೆ ನಿಲ್ಲಿಸುವ ದಾರಿಯಲ್ಲಿದೆ ನಮ್ಮ ದೇಶ.

ಈಗ ಮನೆಯಲ್ಲಿ ಎಷ್ಟು ಜನ ಇದ್ದೀರಿ?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಪ್ರಶ್ನೆ. ಹತ್ತು ವರ್ಷದ ಹಿಂದೆ ಅಪ್ಪ, ಅಮ್ಮ, ಎರಡು ಮಕ್ಕಳು, ನೀವಿಬ್ಬರು ಇದ್ದಿರಿ, 200 ಲೀಟರ್ ಹಾಕಿಸಿದಿರಿ. ಈಗ ಮಕ್ಕಳು ಓದಲು, ಕೆಲಸಕ್ಕೆ ಅಂತ ಹೊರಗೆ ಹೋಗಿದ್ದಾರೆ. ಹಳೇ ಮಷೀನಿನ ಲೇಬಲ್ ನೋಡಿ ‘ಅದೇ ಸೈಜು ಕೊಡಿ’ ಅನ್ನುವುದು ಅಭ್ಯಾಸ. ಅದು ಬೇಡ. ಇವತ್ತು ಸ್ನಾನ ಮಾಡುವವರನ್ನು ಎಣಿಸಿ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಯೂನಿಟ್‌ಗೆ 10 ರೂಪಾಯಿ ಹಿಡಿಯೋಣ. ಆರು ಜನರ ಮನೆ, ಚಳಿಗಾಲದಲ್ಲಿ ದಿನಕ್ಕೆ 200 ಲೀಟರ್. ಗೀಸರ್‌ನಲ್ಲಾದರೆ ಸೋರುವ ಶಾಖವನ್ನೂ ಸೇರಿಸಿ ಸುಮಾರು 80 ರೂಪಾಯಿ. ಹೀಟ್ ಪಂಪ್‌ನಲ್ಲಿ 25-30. ದಿನಕ್ಕೆ 50 ರೂಪಾಯಿ ಉಳಿತಾಯ. ಬೇಸಿಗೆಯಲ್ಲಿ ಕಮ್ಮಿ. ವರ್ಷಕ್ಕೆ ಸುಮಾರು 10ರಿಂದ 12 ಸಾವಿರ. ಒಳ್ಳೆಯ ಹೀಟ್ ಪಂಪ್‌ಗೆ ಲಕ್ಷದ ಆಸುಪಾಸು ಆದರೂ ಮಷೀನಿನ ಆಯಸ್ಸು ಮುಗಿಯುವುದರೊಳಗೆ ದುಡ್ಡು ವಾಪಸ್ ಬರುತ್ತದೆ.

ಇಬ್ಬರೇ ಇರುವ ಮನೆ ನೋಡಿ. ಬಕೆಟ್ ಸ್ನಾನ, ಸ್ವಲ್ಪ ಪಾತ್ರೆಗೆ. 40 ಡಿಗ್ರಿಯ 60 ಲೀಟರ್ ಸಾಕು. ಶಾಖ ಒಂದೂವರೆ ಯೂನಿಟ್ಟೂ ಇಲ್ಲ. ಗೀಸರ್‌ಗೆ ದಿನಕ್ಕೆ 20 ರೂಪಾಯಿ. ಹೀಟ್ ಪಂಪ್ ಹಾಕಿದರೆ ಉಳಿಯುವುದು 12-13 ರೂಪಾಯಿ, ಅದೂ ಚಳಿಗಾಲದಲ್ಲಿ. ಹಾಕಿದ ದುಡ್ಡು ಮಷೀನಿನ ಆಯಸ್ಸಿನಲ್ಲಿ ಬರುವುದೇ ಇಲ್ಲ. ಈ ಮನೆಗೆ ಒಳ್ಳೆಯ 25 ಲೀಟರ್ ಸ್ಟೋರೇಜ್ ಗೀಸರ್ ಸಾಕು. 60 ಡಿಗ್ರಿಗೆ ಕಾಯಿಸಿ 20 ಡಿಗ್ರಿಯ ತಣ್ಣೀರು ಬೆರೆಸಿದರೆ ಸ್ನಾನದ ಹದದ 50 ಲೀಟರ್, ಅಂದರೆ ಎರಡೂವರೆ ಬಕೆಟ್. 2 ಕಿಲೋವ್ಯಾಟ್ ಗೀಸರ್‌ಗೆ ಅಷ್ಟು ಕಾಯಿಸಲು 35 ನಿಮಿಷ. ಸ್ಟಾರ್ ಜಾಸ್ತಿ ಇರುವುದನ್ನೇ ತಗೊಳ್ಳಿ, ಏಕೆಂದರೆ ಸ್ಟೋರೇಜ್ ಗೀಸರ್‌ನಲ್ಲಿ ಸ್ಟಾರ್ ಹೇಳುವುದು ನಿಂತಲ್ಲೇ ಎಷ್ಟು ಶಾಖ ಸೋರುತ್ತದೆ ಅನ್ನುವುದನ್ನು. ಸ್ನಾನವಾದ ಮೇಲೆ ಆಫ್ ಮಾಡಿ. ಅರ್ಥಿಂಗ್ ಮಾತ್ರ ಕಡ್ಡಾಯವಾಗಿ ಪರೀಕ್ಷೆ ಮಾಡಿಸಿ.

ನಾಲ್ಕು ಜನರ ಮನೆ ನಡುವೆ ಬರುತ್ತದೆ. ಅಲ್ಲಿ ತೀರ್ಮಾನಿಸುವುದು ತಾರಸಿ.

ಹೀಟ್ ಪಂಪಾ, ಸೋಲಾರಾ?

ತಾರಸಿ ನಿಮ್ಮದೇ ಆಗಿದ್ದರೆ ಸೋಲಾರ್ ಅಗ್ಗ. ಗಾಜಿನ ಟ್ಯೂಬಿನ ಸೋಲಾರ್ ಸಾಮಾನ್ಯವಾಗಿ ಅದೇ ಸೈಜಿನ ಹೀಟ್ ಪಂಪ್‌ನ ಅರ್ಧ ಬೆಲೆಯೊಳಗೆ ಮುಗಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ವಾಟರ್ ಹೀಟರ್ ಮೇಲಿನ ಜಿಎಸ್‌ಟಿ ಕೂಡ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಪುಣೆ ಮಹಾನಗರಪಾಲಿಕೆ ಸೋಲಾರ್, ಮಳೆನೀರು ಕೊಯ್ಲು, ಎರೆಗೊಬ್ಬರ ಇವುಗಳಲ್ಲಿ ಒಂದಿದ್ದರೆ ಪ್ರಾಪರ್ಟಿ ಟ್ಯಾಕ್ಸ್‌ನಲ್ಲಿ 5 ಪರ್ಸೆಂಟ್, ಎರಡಿದ್ದರೆ 10 ಪರ್ಸೆಂಟ್ ರಿಯಾಯಿತಿ ಕೊಡುತ್ತದೆ. ನಿಮ್ಮ ಕಟ್ಟಡಕ್ಕೆ ಸಿಗುತ್ತದಾ ಅಂತ ವಾರ್ಡ್ ಆಫೀಸಿನಲ್ಲಿ ಕೇಳಿ.

ಆದರೆ ಪುಣೆಯ ಹವೆಯನ್ನು ಯೋಚಿಸಿ. ಇಲ್ಲಿ ಚಳಿಗಾಲದಲ್ಲಿ ಆಕಾಶ ತಿಳಿ. ಡಿಸೆಂಬರ್‌ನಲ್ಲಿ ಸೋಲಾರ್ ಚೆನ್ನಾಗಿ ಕಾಯಿಸುತ್ತದೆ. ಅದು ಸೋಲುವುದು ಜುಲೈ, ಆಗಸ್ಟ್‌ನಲ್ಲಿ. ದಿನಗಟ್ಟಲೆ ಮೋಡ, ಜಿಟಿಜಿಟಿ ಮಳೆ. ಆಗ ಒಳಗಿನ ಎಲಿಮೆಂಟೇ ಗತಿ. ಹೀಟ್ ಪಂಪ್‌ದು ಉಲ್ಟಾ. ಮಳೆಗಾಲದ ಗಾಳಿ ಬೆಚ್ಚಗೂ ಇರುತ್ತದೆ, ತೇವವೂ ಇರುತ್ತದೆ. ತೇವ ನೀರಾಗುವಾಗ ಬಿಡುವ ಶಾಖವೂ ಮಷೀನಿಗೇ ಸಿಗುತ್ತದೆ. ಅದು ಸ್ವಲ್ಪ ತಿಣುಕುವುದು ಜನವರಿಯ ಬೆಳಗಿನ ಜಾವದಲ್ಲಿ, ಹೊರಗೆ 10 ಡಿಗ್ರಿ ಇರುವಾಗ. ಅದಕ್ಕೆ ಮದ್ದು ಇದೆ: ಟೈಮರ್ ಇಟ್ಟು ಮಧ್ಯಾಹ್ನ 1ರಿಂದ 4ರ ನಡುವೆ ಕಾಯಿಸಿಡಿ. ಆಗ ಗಾಳಿ ಬೆಚ್ಚಗಿರುತ್ತದೆ, ಕರೆಂಟ್ ಕಮ್ಮಿ ತಿನ್ನುತ್ತದೆ. ಒಳ್ಳೆಯ ಟ್ಯಾಂಕಿನಲ್ಲಿ ಮರುದಿನ ಬೆಳಿಗ್ಗೆಗೂ ನೀರು ಬಿಸಿಯಾಗೇ ಇರುತ್ತದೆ. ಕರೆಂಟ್ ಕಂಪನಿ ಮಹಾವಿತರಣದ ಟಿಓಡಿ ಮೀಟರ್ (ಹೊತ್ತಿಗೆ ತಕ್ಕಂತೆ ದರ ಹಾಕುವ ಮೀಟರ್) ಇರುವ ಮನೆಗಳಿಗೆ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಬಳಸುವ ಯೂನಿಟ್‌ಗೆ ರಿಯಾಯಿತಿಯೂ ಇದೆ.

ತಾರಸಿಯಲ್ಲಿ ಕರೆಂಟ್ ಮಾಡುವ ಸೋಲಾರ್ ಪ್ಯಾನೆಲ್ ಹಾಕಿಸುವ ಯೋಚನೆ ಇದೆಯಾ? ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಹಾಗಿದ್ದರೆ ನನ್ನ ಓಟು ಹೀಟ್ ಪಂಪ್‌ಗೆ. ಜಾಗವನ್ನು ಪ್ಯಾನೆಲ್‌ಗೆ ಕೊಟ್ಟು, ಮಧ್ಯಾಹ್ನದ ಆ ಕರೆಂಟಿನಲ್ಲೇ ನೀರು ಕಾಯಿಸಿಕೊಳ್ಳಬಹುದು. ಪ್ಯಾನೆಲ್ ಬೇಡ, ತಾರಸಿ ಪೂರ್ತಿ ಖಾಲಿ ಇದೆ, ಖರ್ಚು ಕಮ್ಮಿ ಆಗಬೇಕು ಅನ್ನುವವರಿಗೆ ಸೋಲಾರ್ ವಾಟರ್ ಹೀಟರ್. ಸೊಸೈಟಿಯಲ್ಲಿ ತಾರಸಿ ಹಕ್ಕಿನ ಜಗಳ ಇದ್ದರೆ ಅದು ಮುಗಿಯುವವರೆಗೆ ಸೋಲಾರ್ ಮಾತು ಬೇಡ.

ಸೋಲಾರ್‌ಗೆ ಇನ್ನೊಂದು ತೊಡಕಿದೆ. ಗಾಜಿನ ಟ್ಯೂಬಿನ ಸಾಮಾನ್ಯ ಸೋಲಾರ್ ಟ್ಯಾಂಕು ಪ್ರೆಷರ್ ತಡೆಯುವುದಿಲ್ಲ. ಶವರ್‌ಗೆ ಅಂತ ಪ್ರೆಷರ್ ಪಂಪ್ ಹಾಕಿಸಿದ್ದೀರಾದರೆ ಮೊದಲೇ ಹೇಳಿ, ಇಲ್ಲದಿದ್ದರೆ ಟ್ಯಾಂಕು ಉಬ್ಬಿ ಸೋರುತ್ತದೆ.

ತಾರಸಿಯಲ್ಲಿ ಹಳೇ ಸೋಲಾರ್ ಟ್ಯಾಂಕು ಇನ್ನೂ ಗಟ್ಟಿಯಾಗಿದ್ದರೆ, ಅದಕ್ಕೇ ಜೋಡಿಸುವ ಬಿಡಿ ಹೀಟ್ ಪಂಪ್‌ಗಳೂ ಸಿಗುತ್ತವೆ. ಬಿಸಿಲಿದ್ದಾಗ ಸೂರ್ಯ, ಮಳೆಗಾಲದಲ್ಲಿ ಪಂಪು. ಹೊಸ ಟ್ಯಾಂಕಿನ ಖರ್ಚು ಉಳಿಯುತ್ತದೆ.

ಗ್ಯಾಸ್ ಗೀಸರ್

ಅಗ್ಗ, ಬೇಗ ಕಾಯುತ್ತದೆ, ಪೈಪ್ ಗ್ಯಾಸ್ ಬಂದ ಮೇಲೆ ಸಿಲಿಂಡರ್ ತಲೆನೋವೂ ಇಲ್ಲ. ಆದರೂ ಮುಚ್ಚಿದ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಖಂಡಿತಾ ಬೇಡ. ಗಾಳಿ ಸಾಲದಿದ್ದಾಗ ಅದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ತಲೆಸುತ್ತು ಅಂತ ಗೊತ್ತಾಗುವ ಮೊದಲೇ ಕುಸಿಯುತ್ತಾರೆ. ಚಳಿಗೆ ಕಿಟಕಿ ಮುಚ್ಚಿಕೊಂಡ ಮನೆಗಳಲ್ಲಿ ಜೀವಗಳೇ ಹೋಗಿವೆ. ಹಾಕಲೇಬೇಕು ಅಂದರೆ ತೆರೆದ ಬಾಲ್ಕನಿಯಲ್ಲಿ, ಬಾತ್‌ರೂಮಿನ ಹೊರಗೆ ಇರಲಿ.

ಹೀಟ್ ಪಂಪ್ ಅಂತ ತೀರ್ಮಾನಿಸಿದ ಮೇಲೆ

ಎರಡು ಬಗೆ ಸಿಗುತ್ತವೆ. ಟ್ಯಾಂಕಿನ ತಲೆಯ ಮೇಲೇ ಮಷೀನು ಕೂತಿರುವುದು ಒಂದು. ಎಸಿಯ ಹಾಗೆ ಹೊರಗೊಂದು ಯೂನಿಟ್, ಒಳಗೆ ಟ್ಯಾಂಕು ಇರುವ ಸ್ಪ್ಲಿಟ್ ಇನ್ನೊಂದು. ಮೊದಲನೆಯದರಲ್ಲಿ ಗ್ಯಾಸ್ ಲೈನು ಫ್ಯಾಕ್ಟರಿಯಲ್ಲೇ ಸೀಲ್ ಆಗಿ ಬರುತ್ತದೆ, ಸೋರುವ ಭಯ ಕಮ್ಮಿ. ತಾರಸಿಯಲ್ಲಿ ಜಾಗ ಇದ್ದರೆ ನನಗೆ ಅದೇ ಇಷ್ಟ. ಅದನ್ನು ಗಾಜು ಹಾಕಿ ಮುಚ್ಚಿದ ಯುಟಿಲಿಟಿ ಬಾಲ್ಕನಿಯಲ್ಲಿ ಮಾತ್ರ ಇಡಬೇಡಿ. ತಾನೇ ಬಿಟ್ಟ ತಣ್ಣನೆ ಗಾಳಿಯನ್ನು ತಾನೇ ಎಳೆದುಕೊಂಡು ಸುಸ್ತಾಗುತ್ತದೆ. ಫ್ಲ್ಯಾಟ್‌ನವರಿಗೆ ಸ್ಪ್ಲಿಟ್ ಅನುಕೂಲ. ಅಲ್ಲಿ ಜಾಯಿಂಟ್ ಮಾಡುವವನ ಕೈ ಒಳ್ಳೆಯದಿರಬೇಕು. ಗ್ಯಾಸ್ ಬಿಡುವ ಮೊದಲು ಪೈಪಿನೊಳಗಿನ ಗಾಳಿ ತೆಗೆಯಲು ವ್ಯಾಕ್ಯೂಮ್ ಪಂಪ್ ಹಚ್ಚುತ್ತಾನಾ ಎಂದು ನಿಂತು ನೋಡಿ.

ಭಾರ ಮರೆಯಬೇಡಿ. 200 ಲೀಟರ್ ತುಂಬಿದ ಟ್ಯಾಂಕು ತನ್ನ ತೂಕ ಸೇರಿ ಕಾಲು ಟನ್ನಿಗಿಂತ ಜಾಸ್ತಿ. ಲಾಫ್ಟ್ ಮೇಲೆ ಆಗುವುದಿಲ್ಲ. ಶಬ್ದವೂ ಇದೆ, ಎಸಿಯ ಹೊರಗಿನ ಯೂನಿಟ್ಟಿನಷ್ಟು. ಪಕ್ಕದವರ ಮಲಗುವ ಕೋಣೆಯ ಕಿಟಕಿ ಎಲ್ಲಿದೆ ನೋಡಿ ಇಡಿ.

ನೀರಿನ ವಿಷಯಕ್ಕೆ ಬಂದರೆ, ಖಡಕ್‌ವಾಸಲಾ ಅಣೆಕಟ್ಟಿನ ನಲ್ಲಿ ನೀರು ಬರುವ ಹಳೇ ಬಡಾವಣೆಗಳವರು ಅದೃಷ್ಟವಂತರು, ಮೆದು ನೀರು. ವಾಘೋಲಿ, ಉಂಡ್ರಿಯಂಥ ಹೊರವಲಯದಲ್ಲಿ ಬೋರ್‌ವೆಲ್, ಟ್ಯಾಂಕರ್ ನೀರೇ ಜಾಸ್ತಿ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತಿದೆಯಾ? ಟ್ಯಾಂಕಿನೊಳಗೂ ಅದೇ ಕಟ್ಟುತ್ತದೆ. ಅಂಥವರು ಗಾಜಿನ ಲೇಪನದ ಟ್ಯಾಂಕು, ಸುಲಭವಾಗಿ ಬಿಚ್ಚಬಹುದಾದ ಆನೋಡ್, ಕೆಳಗೆ ಡ್ರೇನ್ ವಾಲ್ವ್ ಇರುವುದನ್ನೇ ಕೇಳಿ. ಇನ್‌ಲೆಟ್‌ಗೆ ಸಾಫ್ಟ್‌ನರ್ ಹಾಕಿಸಿದರೆ ಇನ್ನೂ ಒಳ್ಳೆಯದು.

ವಾರಂಟಿಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ಟ್ಯಾಂಕಿಗೆ ಎಷ್ಟು ವರ್ಷ, ಕಂಪ್ರೆಸರ್‌ಗೆ ಎಷ್ಟು, ಕಂಟ್ರೋಲ್ ಬೋರ್ಡ್‌ಗೆ ಎಷ್ಟು. ಗಡಸು ನೀರಿದ್ದರೆ ವಾರಂಟಿ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಇದೆಯಾ ಓದಿ. ಪುಣೆಯಲ್ಲೇ ಸರ್ವೀಸ್ ಸೆಂಟರ್ ಇದೆಯಾ, ಬೋರ್ಡ್ ಸ್ಟಾಕ್ ಇಡುತ್ತಾರಾ ಅಂತ ಕೇಳಿ. ಮುಂಬೈಯಿಂದ ತರಿಸಬೇಕು ಎಂಬ ಉತ್ತರ ಬಂದರೆ ಎಷ್ಟು ದಿನ ತಣ್ಣೀರು ಸ್ನಾನ ಅನ್ನುವುದೂ ಗೊತ್ತಾದ ಹಾಗೆ.

ಬ್ಯಾಕಪ್ ಎಲಿಮೆಂಟ್‌ಗೆ ಬೇರೆ ಸ್ವಿಚ್ಚು, ಅದರ ಮೇಲೊಂದು ಇಂಡಿಕೇಟರ್ ಹಾಕಿಸಿ. ಅದು ಉರಿಯುತ್ತಿದ್ದರೆ ಮನೆಯಲ್ಲಿ ಯಾರಿಗಾದರೂ ಕಾಣಲೇಬೇಕು. 50 ಡಿಗ್ರಿಗೆ ಇಟ್ಟು ಬಳಸುವವರು ವಾರಕ್ಕೊಮ್ಮೆ 60 ಡಿಗ್ರಿಗೆ ಏರಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ವಯಸ್ಸಾದವರ ಶ್ವಾಸಕೋಶಕ್ಕೆ ಅದು ಅಪಾಯ.

ಹೊಸದು ಸೆಪ್ಟೆಂಬರ್ ಕೊನೆಗೆ ಕೂತಿರಲಿ. ಮೊದಲ ದಿನವೇ 860ರ ಲೆಕ್ಕ ಹಾಕಿ, ಬಂದ ಅಂಕಿಯನ್ನು ತಾರೀಖಿನ ಸಮೇತ ಟ್ಯಾಂಕಿನ ಮೇಲೆ ಮಾರ್ಕರ್‌ನಿಂದ ಬರೆದಿಡಿ. ಮುಂದೆ ಪ್ರತಿ ವರ್ಷ ಅದರ ಕೆಳಗೇ ಇನ್ನೊಂದು ಅಂಕಿ ಬರೆಯಿರಿ. ಹಳೇದನ್ನು ಗುಜರಿಯವನಿಗೆ ಕೊಡುವ ಮೊದಲು ಒಳಗಿನ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರ್‌ಗೆ ಇಳಿಸಿಕೊಳ್ಳಲು ಮೆಕ್ಯಾನಿಕ್‌ಗೆ ಹೇಳಿ. ತಾಮ್ರದ ಕಾಯಿಲ್ ಇದ್ದರೆ ಅದರ ಬೆಲೆಯನ್ನು ಕೊಟೇಶನ್‌ನಲ್ಲೇ ಕಳೆಯಲು ಕೇಳಿ.